ಧನಿಷ್ಠೆಯ ಐದು ಗೊಂಬೆಗಳು

ಮಳೆಗಾಲ ತಗ್ಗಿ ಆಕಾಶ ತಿಳಿಯಾದಾಗ, ಭಂಕೂರಿನ ಕಲ್ಲಿನ ಖಣಿಗಳ ನೆತ್ತಿಯ ಮೇಲೆ, ಶ್ರವಣ ನಕ್ಷತ್ರದ ಮಗ್ಗುಲಿಗೆ ಐದು ಸಣ್ಣ ಚುಕ್ಕೆಗಳು ಕಾಣುತ್ತವೆ. ನಾಲ್ಕು ಕೂಡಿ ಓರೆಯಾದ ಚೌಕ. ಐದನೆಯದು ತುಸು ದೂರ. ಪಂಚಾಂಗ ನೋಡುವವರು ಅದನ್ನು ಧನಿಷ್ಠಾ ಎಂದು ಕರೆದು, ಅಷ್ಟವಸುಗಳು ಬಾರಿಸುವ ಮದ್ದಲೆ ಎನ್ನುತ್ತಾರೆ. ಖಣಿಯ ಜನ ಹೇಳುವ ಕಥೆ ಬೇರೆ.

ಆರು ಮಂದಿ ಅಣ್ಣತಮ್ಮಂದಿರಿದ್ದರಂತೆ. ಅಪ್ಪ ಬಿಟ್ಟುಹೋದ ಒಂದು ಹಲಗೆವಾದ್ಯದ ಸಲುವಾಗಿ, ಅದನ್ನು ಯಾರು ಬಾರಿಸಬೇಕೆಂಬ ಹಟಕ್ಕೆ, ಐವರು ಕೂಡಿ ಒಬ್ಬನನ್ನು ಕೊಂದರು. ಸತ್ತವನು ಹಿರಿಯನೆಂದು ವಾಡಿಯ ಕಡೆಯವರು ಹೇಳುತ್ತಾರೆ, ಕಿರಿಯನೆಂದು ಚಿಂಚೋಳಿಯ ಕಡೆಯವರು. ಮುಂದಿನದರಲ್ಲಿ ಭೇದವಿಲ್ಲ. ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟರು. ಒಬ್ಬ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಅರ್ಧ ದಾರಿಯಲ್ಲಿ ಹೆಣ ಎದ್ದು ಕುಳಿತಿತು. ಹೊತ್ತವರ ಕುತ್ತಿಗೆಗಳನ್ನು ಒಂದೊಂದಾಗಿ ಮುರಿದು, ಬೆಂಕಿ ಹಿಡಿದವನ ಮುಖವನ್ನು ಅದೇ ಬೆಂಕಿಯಲ್ಲಿ ಅದ್ದಿತು. ಆ ಐವರೇ ಇಂದಿಗೂ ಮುಗಿಲಲ್ಲಿ ಖಾಲಿ ಚಟ್ಟ ಹೊತ್ತು ನಿಂತಿದ್ದಾರೆ.

ಅದಕ್ಕೇ ಧನಿಷ್ಠೆಯಿಂದ ಶುರುವಾಗುವ ಐದು ನಕ್ಷತ್ರಗಳ ಪಂಚಕದಲ್ಲಿ ಸತ್ತವನು ತನ್ನ ಮನೆಯ ಐವರನ್ನು ಕರೆದೊಯ್ಯುತ್ತಾನೆಂದು ನಂಬಿಕೆ. ತಪ್ಪಿಸಲು ಉಪಾಯವೂ ಉಂಟು. ಜೋಳದ ಹಿಟ್ಟಿನಲ್ಲಿ ಐದು ಗೊಂಬೆ ಮಾಡಿ, ಬದುಕಿದವರ ಬಟ್ಟೆಯಿಂದ ಎಳೆದ ನೂಲನ್ನು ಒಂದೊಂದಕ್ಕೆ ಸುತ್ತಿ, ಹೆಣದ ಎದೆಯ ಮೇಲಿಟ್ಟು ಸುಡಬೇಕು. ಸತ್ತವನು ಮನುಷ್ಯನ ಬದಲು ಗೊಂಬೆಯನ್ನು ಒಯ್ಯುತ್ತಾನೆ.

ಈ ಕಥೆಯನ್ನು ಧರ್ಮಣ್ಣ ತಾಯಿ ಯಮುನಾಬಾಯಿಯ ತೊಡೆಯ ಮೇಲೆ ಮಲಗಿ ಕೇಳಿದ್ದ. ಅಣ್ಣ ವಿಠೋಬಾನೂ ಪಕ್ಕದಲ್ಲೇ ಮಲಗಿ ಕೇಳಿದ್ದ. ಈಗ ಅಣ್ಣ ಅಂಗಳದಲ್ಲಿ ಚಟ್ಟದ ಮೇಲಿದ್ದ, ತಲೆಗೆ ರುಮಾಲು ಬಿಗಿದುಕೊಂಡು. ಅವನನ್ನು ಕೊಂದವನು ಧರ್ಮಣ್ಣನೇ.

ಹಿಂದಿನ ದಿನ ಕಲ್ಲು ಸಿಡಿಸಲು ಕೊರೆದ ಸುರಂಗಕ್ಕೆ ಮದ್ದು ಹೆಚ್ಚು ತುಂಬಿ ಧರ್ಮಣ್ಣ ಒಂದು ಇಡೀ ಪದರ ಕಲ್ಲನ್ನು ಬಿರುಕುಬಿಡಿಸಿದ್ದ. ವಿಠೋಬಾ ಆಳುಗಳೆಲ್ಲರ ಮುಂದೆ ಕಾಲಿನ ಚಪ್ಪಲಿ ತೆಗೆದು ತಮ್ಮನ ಕೆನ್ನೆಗೆ ಬಾರಿಸಿದ. ಮರುದಿನ ಸಂತೆ, ಖಣಿಯಲ್ಲಿ ಆಳಿರಲಿಲ್ಲ. ಧರ್ಮಣ್ಣ ನಸುಕಿನಲ್ಲೇ ಮುಜೀಬನ ಲಾರಿ ಹತ್ತಿ ವಾಡಿಗೆ ಕಲ್ಲು ಇಳಿಸಿ, ಬಿಸಿಲೇರಿದ ಮೇಲೆ ಮರಳಿ ಬಂದ. ನಸುಕಿನಲ್ಲೇ ಮನೆ ಬಿಟ್ಟಿದ್ದ ಅಣ್ಣ ಖಣಿಯ ದಂಡೆಯ ಮೇಲೆ ಕುಳಿತಿದ್ದ.

"ಬಂದ್ಯಾ? ಈ ಕೆನ್ನಿ ಆತು, ಆ ಕೆನ್ನಿ ತೋರ್ಸು" ಎಂದು ವಿಠೋಬಾ ನಕ್ಕ.

ಧರ್ಮಣ್ಣನ ಕೈಗೆ ಹಾರೆ ಸಿಕ್ಕಿತು. ಮೊದಲ ಏಟು ಕಿವಿಯ ಹಿಂದೆ ಬಿತ್ತು. ವಿಠೋಬಾ ಬಿದ್ದರೂ ಸಾಯಲಿಲ್ಲ, ತೆವಳಿ ಬಂದು ತಮ್ಮನ ಮೀನಖಂಡ ಹಿಡಿದ. ಎರಡನೆಯ ಏಟಿಗೆ ತಲೆ ಬುರುಡೆ ಒಣಗಿದ ಸೋರೆಯಂತೆ ಒಡೆಯಿತು. ಆಮೇಲೆ ಅವನನ್ನು ದಂಡೆಯಿಂದ ಕೆಳಗೆ ನೂಕುವುದಷ್ಟೇ ಉಳಿದಿತ್ತು.

ನಸುಕಿನಲ್ಲೇ ಕಾಲುಜಾರಿ ಬಿದ್ದಿದ್ದಾನೆ, ತಾನು ವಾಡಿಯಿಂದ ಬರುವಷ್ಟರಲ್ಲಿ ಹೆಣ ತಣ್ಣಗಾಗಿತ್ತು ಎಂದು, ಒಡೆದ ತಲೆಗೆ ತಾನೇ ರುಮಾಲು ಬಿಗಿದು, ಧರ್ಮಣ್ಣ ಹೇಳಿದ. ಎಲ್ಲರೂ ನಂಬಿದರು. ದವಾಖಾನೆಗೆ ಒಯ್ದರೆ ಹೆಣ ಕೊಯ್ಯುತ್ತಾರೆ, ಸಂಜೆಯೊಳಗೆ ಸುಟ್ಟುಬಿಡೋಣ ಎಂದು ಹಿರಿಯರು ಗೊತ್ತುಮಾಡಿದರು. ಶಹಾಬಾದಿನಿಂದ ವಾಸುದೇವಾಚಾರ್ಯರು ಬಂದು, ಚಟ್ಟದ ಪಕ್ಕ ಕುಳಿತು, ಮೊಬೈಲಿನಲ್ಲಿ ಪಂಚಾಂಗ ತೆರೆದರು.

"ಯಾವ ಹೊತ್ತಿನ್ಯಾಗ ಹೋದ?"

"ಹೊತ್ತು ಹುಟ್ಟೂದ್ರಾಗ್ರಿ ಆಚಾರ್ರ" ಎಂದ ಧರ್ಮಣ್ಣ. "ನಾ ಆಗ ವಾಡಿಯಾಗಿದ್ದೆ. ಮುಜೀಬಗ ಕೇಳ್ರಿ."

"ಹಂಗಾದ್ರ ಶ್ರವಣ. ಪಂಚಕ ಹತ್ತಿದ್ದು ಹತ್ತು ಗಂಟೆಕ್ಕ. ಪುಣ್ಯವಂತ, ತಪ್ಪಿಸಿಕೊಂಡಾನ. ಗೊಂಬಿ ಗಿಂಬಿ ಏನೂ ಬ್ಯಾಡ."

ಅಂಗಳದ ಜನ ಉಸಿರುಬಿಟ್ಟರು. ಧರ್ಮಣ್ಣ ಮಾತ್ರ ಬಿಡಲಿಲ್ಲ. ಹಾರೆ ಎತ್ತಿದಾಗ ಹತ್ತು ದಾಟಿ ಎಷ್ಟು ಹೊತ್ತಾಗಿತ್ತೆಂದು ಅವನೊಬ್ಬನೇ ಬಲ್ಲ. ಅಣ್ಣ ಸತ್ತದ್ದು ಪಂಚಕದಲ್ಲಿ. ಗೊಂಬೆಯಿಲ್ಲದೆ ಹೋದರೆ ಐವರನ್ನು ಒಯ್ಯುತ್ತಾನೆ, ಮೊದಲು ಯಾರನ್ನು ಎಂಬುದರಲ್ಲಿ ಸಂದೇಹವೇ ಇಲ್ಲ. ಗೊಂಬೆ ಮಾಡಿಸಬೇಕಾದರೆ ನಿಜವಾದ ಹೊತ್ತು ಹೇಳಬೇಕು.

"ಆಚಾರ್ರ, ಆದ್ರೂ ಇರ್ಲಿ ಅಂತ ಐದು ಗೊಂಬಿ ಮಾಡ್ರಿ."

"ಲಗ್ನ ಇಲ್ಲದ ಮನ್ಯಾಗ ಬಾಸಿಂಗ ಕಟ್ತಾರೇನೋ? ದೋಷ ಇಲ್ಲದ ಹೆಣದ ಮ್ಯಾಲ ಗೊಂಬಿ ಇಟ್ಟರ, ಬರಲಾರದ ಸಾವಿಗಿ ಎಲಿಅಡಿಕಿ ಕೊಟ್ಟು ಕರದಂಗ."

"ಕೈಮುಗೀತೀನ್ರಿ, ಮಾಡ್ರಿ!"

ಬಾಗಿಲ ಬಳಿ ನಿಂತಿದ್ದ ಲಾರಿಯ ಮುಜೀಬ ಪಕ್ಕದವನ ಕಿವಿಯಲ್ಲಿ, "ದೋಷ ಬಂತು ಅಂತ ಅಳೋರಿಗಿ ಭಾಳ ನೋಡೀನಿ, ಇಲ್ಲ ಅಂತ ಅಳಾಕತ್ತಾಂವ ಇವನೊಬ್ಬನೇ" ಎಂದ. ಹೆಣದ ಕಾಲಬಳಿ ಕುಳಿತಿದ್ದ ವಿಠೋಬಾನ ಹೆಂಡತಿ ಶಿವಕಾಂತಮ್ಮ ತಲೆಯೆತ್ತಿ ಮೈದುನನನ್ನು ನೋಡಿದಳು.

ಚಟ್ಟ ಎತ್ತುವ ಹೊತ್ತಾಯಿತು. ಹಿಂದಿನ ಬಲಗಡೆ ಧರ್ಮಣ್ಣ ಹೆಗಲು ಕೊಟ್ಟ. ನಾಲ್ವರೂ ಮೇಲೆದ್ದಾಗ ಅವಸರದಲ್ಲಿ ಕಟ್ಟಿದ ಹಗ್ಗ ಸಡಿಲಿ, ಹೆಣದ ಕೈ ಹೊರಬಿದ್ದು ಅವನ ಕುತ್ತಿಗೆಗೆ ತಾಗಿತು.

ಧರ್ಮಣ್ಣ ಕಿರುಚಿದ. "ಇಳಿಸ್ರಿ! ಇಳಿಸ್ರೋ! ಪಂಚಕದಾಗೇ ಸತ್ತಾನ! ಹತ್ತು ದಾಟಿದ ಮ್ಯಾಲ ಸತ್ತಾನ! ಗೊಂಬಿ ಮಾಡ್ರಿ!"

ಚಟ್ಟ ನೆಲಕ್ಕಿಳಿಯಿತು.

"ನಿನಗ ಹೆಂಗ ಗೊತ್ತು?" ಎಂದಳು ಶಿವಕಾಂತಮ್ಮ. "ನೀ ಬರೂದ್ರಾಗ ತಣ್ಣಗಾಗಿದ್ರು ಅಂದಿದ್ದಿಲ್ಲ?"

"ವೈನಿ, ಅದು…"

"ಹತ್ತಾದ ಮ್ಯಾಲೇ ಖಣಿ ದಾರ್ಯಾಗ ಇಳಿಸೀನಿ ಇವನಿಗಿ" ಎಂದ ಮುಜೀಬ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ಶಿವಕಾಂತಮ್ಮ ಗಂಡನ ರುಮಾಲು ಬಿಚ್ಚಿದಳು. ಕಿವಿಯ ಹಿಂದೊಂದು, ನೆತ್ತಿಯಲ್ಲೊಂದು: ಹಾರೆಯ ಮೊನೆಯಷ್ಟೇ ಅಗಲದ ಎರಡು ಬಾಯಿಗಳು. "ಒಮ್ಮಿ ಬಿದ್ದಾಂವಗ ಎರಡೂ ಕಡಿ ತಲಿ ಒಡೀತದೇನ್ರಿ ಆಚಾರ್ರ?" ಎಂದು ಕೇಳಿದವಳು ಉತ್ತರಕ್ಕೆ ಕಾಯಲಿಲ್ಲ. ಗೋಡೆಗೆ ಆನಿಸಿದ್ದ ಒನಕೆ ಎತ್ತಿ ಧರ್ಮಣ್ಣನ ಬಾಯಿಗೆ ಬಡಿದಳು. ಹಲ್ಲುಗಳು ಚಟ್ಟದ ಹಸಿ ಬಿದಿರಿನ ಮೇಲೆ ಸಿಡಿದವು. ಎರಡನೆಯ ಏಟಿಗೆ ಹೆಗಲಿನ ಎಲುಬು ಮುರಿದ ಸದ್ದು ಕೇಳಿತು. ಆಮೇಲೆ ಜನ ಮೇಲೆ ಬಿದ್ದರು. ಕಾಲು, ಕಲ್ಲು, ಉರಿಯುತ್ತಿದ್ದ ಸೌದೆಯ ಕೊಳ್ಳಿ, ಯಾರ ಕೈಯಲ್ಲಿ ಏನಿತ್ತೋ ಅದು.

ಆ ಕಾಲುಗಳ ನಡುವೆಯೇ ಧರ್ಮಣ್ಣ ತೆವಳಿದ. ಪಿಂಡಕ್ಕೆಂದು ಇಟ್ಟಿದ್ದ ಜೋಳದ ಹಿಟ್ಟಿನ ಪರಾತ ಅವನಿಗೆ ಕಂಡಿತ್ತು. ಒಂದೇ ಕೈಯಿಂದ ಹಿಟ್ಟು ಬಾಚಿ, ಬಾಯಿಂದ ಸುರಿಯುವ ರಕ್ತದಲ್ಲೇ ಕಲಸಿ ಮುದ್ದೆ ಮಾಡತೊಡಗಿದ. ತಲೆಯಾಗಿ ಎದ್ದದ್ದು ಕುಸಿಯಿತು. ಅಂಗಿಯ ನೂಲು ಎಳೆಯಲು ಬೆರಳು ಮಾತು ಕೇಳಲಿಲ್ಲ.

"ನಂದೊಂದು… ನಂದೊಂದರೆ ಮಾಡ್ರಿ…"

"ಬಿಡ್ರಿ ಅವನ್ನ" ಎಂಬ ದನಿ ಬಂತು. ಹೆಣ ಬಂದಾಗಿನಿಂದ ಮಗನ ತಲೆಯ ಬಳಿ ಕುಳಿತಿದ್ದ ಯಮುನಾಬಾಯಿ ಎದ್ದಿದ್ದಳು. ಜನ ಹಿಂದೆ ಸರಿದರು. ಧರ್ಮಣ್ಣ ತಾಯಿಯ ಪಾದ ಹಿಡಿದ.

"ಯವ್ವಾ…"

ಅವಳು ಪಾದ ಬಿಡಿಸಿಕೊಂಡು ಪರಾತ ಎತ್ತಿಕೊಂಡಳು. ರಕ್ತ ತಾಗಿದ ಹಿಟ್ಟನ್ನು ಬಳಿದು ಬೂದಿಯ ಮೇಲೆ ಚೆಲ್ಲಿದಳು. "ಆಚಾರ್ರ, ಮನ್ಯಾಗ ಎಷ್ಟ ಮಂದಿ ಉಳದೇವಿ?"

ಆಚಾರ್ಯರು ತಡವರಿಸಿದರು. "ನೀವು, ನಿಮ್ಮ ಸೊಸಿ, ಆಕಿ ಹೆಣ್ಣುಮಕ್ಕಳಿಬ್ಬರು, ಮತ್ತ… ಇಂವ. ಐದು ಮಂದಿ."

"ನಾಕು ಗೊಂಬಿ ಮಾಡ್ರಿ."

"ಯಮುನಾಬಾಯಿ, ಶಾಸ್ತ್ರ ಐದು ಅಂತದ…"

"ಹಿರ್ಯಾಂವಗ ಹಡದಾಕಿ ನಾನು, ಈ ಕಿರ್ಯಾಂವಗೂ ಹಡದಾಕಿ ನಾನು. ನಾಕು ಮಾಡ್ರಿ."

ಅವಳೇ ತನ್ನ ಸೀರೆಯ ಸೆರಗಿನಿಂದ ಮೊದಲ ನೂಲು ಎಳೆದಳು. ಸೊಸೆಯದು, ಮೊಮ್ಮಕ್ಕಳವು ಆಮೇಲೆ. ಪೊಲೀಸರು ಬರುವತನಕ ಇರಲೆಂದು ಧರ್ಮಣ್ಣನನ್ನು ದನದ ಹಗ್ಗದಿಂದ ಕಂಬಕ್ಕೆ ಕಟ್ಟಿದರು. ಆಚಾರ್ಯರು ಹೆಣದ ಎದೆಯ ಮೇಲೆ ಗೊಂಬೆಗಳನ್ನು ಒಂದರ ಪಕ್ಕ ಒಂದು ಇಡುವುದನ್ನು ಅವನು ಊದಿದ ಒಂದೇ ಕಣ್ಣಿನಿಂದ ನೋಡುತ್ತಿದ್ದ. ನಾಲ್ಕನೆಯದನ್ನು ಇಟ್ಟು ಆಚಾರ್ಯರು ಕೈ ತೊಳೆದುಕೊಂಡರು.

ಧರ್ಮಣ್ಣ ಹಗ್ಗ ಜಗ್ಗತೊಡಗಿದ. ಅತ್ತ ಯಾರೂ ತಿರುಗಿ ನೋಡಲಿಲ್ಲ.