ಬಿಚ್ಚದ ಹೊಲಿಗೆ

ಹಳೆಯ ಲೇತ್ ಮಷೀನೊಂದನ್ನು ಕೊಳ್ಳುತ್ತೇನೆಂದು ನನ್ನ ಹೆಂಡತಿ ಹೇಳಿದಾಗ ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಅವನ್ನು ತೆಗೆದು ‘ಬೇಡ’ ಎನ್ನುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿಯಾಗಿತ್ತು.

ನಾನು ದರ್ಜಿ. ಅವಳು ಟರ್ನರ್. ಕಾರ್ಖಾನೆ ಬಾಗಿಲು ಹಾಕುವವರೆಗೂ ಲೇತಿನ ಮುಂದೆ ನಿಂತು ಕಬ್ಬಿಣವನ್ನು ಕಡೆದವಳು. ನಾನೋ, ಬೆರಳಿಗೆ ಸೂಜಿ ತಾಗಿದರೆ ಮನೆಯೆಲ್ಲ ಕೇಳುವಂತೆ ಅಯ್ಯೋ ಎನ್ನುವ ಪ್ರಾಣಿ. ಅವಳು ಕೆಲಸಕ್ಕೆ ಹೋಗುತ್ತಿದ್ದ ಅಷ್ಟೂ ವರ್ಷ ಸಂಜೆ ಅವಳು ಕೈ ತೊಳೆಯುವಾಗ ಪಕ್ಕದಲ್ಲಿ ನಿಂತು ಬೆರಳುಗಳನ್ನು ನೋಡಿಕೊಳ್ಳುತ್ತಿದ್ದೆ. ಎಲ್ಲವೂ ಇವೆ ಎಂದಾದ ಮೇಲೇ ನನಗೆ ಊಟ ಸೇರುತ್ತಿದ್ದುದು. ಕಾರ್ಖಾನೆ ಮುಚ್ಚಿದಾಗ ಅವಳು ಅತ್ತಳು. ನಾನೂ ಅತ್ತೆ, ಆದರೆ ಒಳಗೊಳಗೇ ಬದುಕಿದೆಯಾ ಬಡಜೀವವೇ ಅಂದುಕೊಂಡೆ.

ಲೇತ್ ಇದ್ದದ್ದು ಮುಚ್ಚಿಹೋದ ರಿಪೇರಿ ಅಂಗಡಿಯೊಂದರ ಮೂಲೆಯಲ್ಲಿ, ಹರಿದ ಟಾರ್ಪಾಲಿನ ಕೆಳಗೆ. ಗುಜರಿಯವನು ಟಾರ್ಪಾಲು ಎಳೆದ. ಮೈಯೆಲ್ಲ ತುಕ್ಕು. ನನ್ನ ಜೀವ ತಂಪಾಯಿತು. ಅವಳು ಮಾತ್ರ ಉದ್ದನೆಯ ಕಬ್ಬಿಣದ ಹಾಸಿನ ಮೇಲೆ ಉಗುರಾಡಿಸಿ ಎಲ್ಲಿ ಸವೆದಿದೆ ಎಂದು ನೋಡಿದಳು. ಕೆಲಸದ ಸಾಮಾನನ್ನು ಕಚ್ಚಿ ಹಿಡಿದು ತಿರುಗುವ ಚಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದಳು. ಮುಖ ಅರಳಿತು.

“ಸದ್ದು ಜಾಸ್ತಿ ಅಲ್ವಾ?” ಎಂದೆ.

“ಇನ್ನೂ ಆನ್ ಮಾಡೇ ಇಲ್ವಲ್ಲ ಸ್ವಾಮಿ,” ಎಂದ ಗುಜರಿಯವ.

ಅಲ್ಲಿಗೆ ಮುಗಿಯಿತು. ಲೇತ್ ನಮ್ಮ ಹಿತ್ತಲ ಶೆಡ್ಡಿಗೆ ಬಂತು. ಅವಳು ಅದನ್ನು ಬಿಚ್ಚಿ ಹರವಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ಒಂದೊಂದೇ ಭಾಗವನ್ನು ಉಜ್ಜಿದಳು. ನನ್ನ ಅಂಗಡಿಯ ಚಿಂದಿಬಟ್ಟೆಯೆಲ್ಲ ಅವಳ ಪಾಲಾಯಿತು. ಸವೆದ ಬೇರಿಂಗ್ ಬದಲಾಯಿತು, ಹೊಸ ಬೆಲ್ಟು ಬಂತು, ತುಕ್ಕಿನಡಿಯಿಂದ ಬೆಳ್ಳಗೆ ಹೊಳೆಯುವ ಉಕ್ಕು ಬಂತು. ಅದು ಹೊಳೆದಷ್ಟೂ ನನ್ನ ಎದೆ ಕುಗ್ಗುತ್ತಿತ್ತು. ಇದು ಸರಿಹೋಗದೇ ಇರಲಿ ಎಂದು ಹಾರೈಸುತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ, ಮತ್ತು ಅವಳಿಗೆ ಟೀ ತಂದುಕೊಡುತ್ತಿದ್ದವನೂ ನಾನೇ.

“ಒಂದು ಮಾತು ನೆನಪಿಟ್ಕೊಳ್ಳಿ,” ಎಂದಳು ಒಮ್ಮೆ. “ಮಷೀನ್ ಓಡ್ತಿರೋವಾಗ ಹಿಂದಿನಿಂದ ಕೂಗ್ಬೇಡಿ. ನಾನು ತಿರುಗಿ ನೋಡಿದ್ರೆ ಕೈ ಎಲ್ಲಿಗೆ ಹೋಗುತ್ತೋ ಹೇಳಕ್ಕಾಗಲ್ಲ.”

ಹೇಳಬಾರದಿತ್ತು. ಅಂದಿನಿಂದ ನಾನು ಶೆಡ್ಡಿನ ಹತ್ತಿರ ಕೆಮ್ಮುವುದನ್ನೂ ಬಿಟ್ಟೆ.

ಆಮೇಲೆ ಅವಳು ಕೆಲಸಕ್ಕೆ ತೊಡಲು ಎರಡು ಕೋಟು ಹೊಲಿದುಕೊಡಿ ಎಂದಳು. ಬಿಸಿ ಚೂರು ಹಾರುತ್ತದಲ್ಲ, ತುಂಬುತೋಳು ಬೇಕು. “ತೋಳು ಕೂಡಿಸೋವಾಗ ಕಚ್ಚಾ ಹೊಲಿಗೆ ಹಾಕಿ, ಸಾಕು,” ಎಂದಳು. ಕಚ್ಚಾ ಹೊಲಿಗೆಯೆಂದರೆ ಮಷೀನು ಹಾಕುವ ಮುಂಚೆ ಬಟ್ಟೆ ಜಾರದಿರಲೆಂದು ಕೈಯಲ್ಲಿ ಉದ್ದುದ್ದ ಹಾಕುವ ದಾರ. ನನಗೆ ತೊಂದರೆಯಾಗಬಾರದು ಎಂದು ಹೀಗಂದಳು ಅಂದುಕೊಂಡೆ. ನಾನು ಹೊಲಿದರೆ ಬಟ್ಟೆ ಹರಿದೀತು, ಹೊಲಿಗೆ ಬಿಡದು ಎಂದು ಬೀದಿಯೇ ಹೇಳುತ್ತದೆ. ಕಟ್ಟಿಕೊಂಡವಳಿಗೆ ಕಚ್ಚಾ ಹೊಲಿಗೆ ಹಾಕಿ ಕೊಡುವುದೇ? ದಪ್ಪ ಬಟ್ಟೆ ತಂದೆ. ಚೀಲಕ್ಕೆ ಹಾಕುವ ನೈಲಾನ್ ದಾರದಲ್ಲಿ ಜೋಡಿ ಹೊಲಿಗೆ ಹೊಡೆದೆ, ಒಳಗಿನಿಂದ ಪಟ್ಟಿ ಕೂಡಿಸಿದೆ. ಅವಳ ಕೈಗೆ ನಾನು ಕೊಡಬಹುದಾದ ಕಾವಲು ಅದೊಂದೇ ಎನಿಸಿತ್ತು.

ಲೇತ್ ಮೊದಲ ಸಲ ಓಡುವ ಬೆಳಿಗ್ಗೆ ಅವಳು ಒಂದು ಕೋಟು ತೊಟ್ಟು ಶೆಡ್ಡಿಗೆ ಹೋದಳು. ಇನ್ನೊಂದು ನನ್ನ ಮೇಜಿನ ಮೇಲೆ ಗುಂಡಿಗಾಗಿ ಕಾದಿತ್ತು. ಹಿತ್ತಲಿನಿಂದ ಗುಂಯ್ ಎನ್ನುವ ಸದ್ದು ಶುರುವಾಯಿತು. ಅಷ್ಟರಲ್ಲಿ ಗ್ರೀಸಕ್ಕ ಬಂದರು. ಕಾರ್ಖಾನೆಯಲ್ಲಿ ನನ್ನ ಹೆಂಡತಿಯ ಪಕ್ಕದ ಮಷೀನಿನವರು. ಹಬೆಯಾಡುವ ಟೀ ಲೋಟಕ್ಕೂ ಗ್ರೀಸ್ ಮೆತ್ತಿಸುತ್ತಿದ್ದರೆಂದು ಆ ಹೆಸರು.

“ಓಹೋ, ಓಡಿಸೇಬಿಟ್ಲಾ!” ಎಂದು ಕಿವಿಗೊಟ್ಟರು. ಮೇಜಿನ ಮೇಲಿದ್ದ ಕೋಟನ್ನು ಎತ್ತಿ, ರೂಢಿಯೆಂಬಂತೆ ತೋಳನ್ನು ಹಿಡಿದು ಜಗ್ಗಿದರು. ಮತ್ತೆ ಜಗ್ಗಿದರು. ನಗು ಮಾಯವಾಯಿತು. “ಇದು ಬರ್ತಾ ಇಲ್ವಲ್ಲಪ್ಪಾ!”

“ಬರೋದೇ ಇಲ್ಲಕ್ಕಾ,” ಎಂದೆ ಹೆಮ್ಮೆಯಿಂದ. “ಆನೆ ಎಳೆದ್ರೂ ಬರಲ್ಲ.”

“ಬರ್ಬೇಕು ಕಣಪ್ಪಾ! ಬಟ್ಟೆ ಚಕ್ಕಿಗೆ ಸಿಕ್ಕಿದ್ರೆ ತೋಳು ಕಿತ್ಕೊಂಡು ಹೋಗ್ಬೇಕು, ಕೈ ಉಳೀಬೇಕು. ನಾವೆಲ್ಲ ಕಚ್ಚಾ ಹೊಲಿಗೇನೇ ಹಾಕಿಸ್ತಿದ್ವಿ. ದಿನಾ ಬೆಳಿಗ್ಗೆ ಎಳೆದು ನೋಡೇ ಮಷೀನ್ ಮುಟ್ತಿದ್ದಿದ್ದು. ಅವಳು ಹಾಕ್ಕೊಂಡಿರೋದೂ ಹೀಗೇನಾ?”

ನಡುಮನೆ ದಾಟಿ ಹಿತ್ತಲಿಗೆ ಓಡಿದೆ. ಶೆಡ್ಡಿನ ಬಾಗಿಲಿಂದ ಅವಳ ಬೆನ್ನು ಕಂಡಿತು. ತಿರುಗುವ ಸರಳಿಗೆ ಎಮರಿ ಕಾಗದ ಹಿಡಿದು ಬಗ್ಗಿದ್ದಳು, ಹೊಳಪು ಕೊಡುತ್ತಿದ್ದಳು. ಬಲಗೈ ಚಕ್ಕಿನ ಪಕ್ಕದಲ್ಲೇ. ಮುಂಗೈಯ ಬಟ್ಟೆ ಅದರ ಗಾಳಿಗೆ ಅಲುಗುತ್ತಿತ್ತು. ಅವಳ ಹೆಸರು ನಾಲಗೆಯ ತುದಿಗೆ ಬಂತು. ಬಾಯಿಗೆ ಕೈ ಅಡ್ಡ ಹಿಡಿದೆ. ಕೂಗಿದರೆ ತಿರುಗುತ್ತಾಳೆ. ಕೂಗದಿದ್ದರೆ ಆ ಬಟ್ಟೆ ಇನ್ನೊಂದು ಬೆರಳಗಲ ಸರಿದರೆ ಸಾಕು. ನಾನು ಹಾಕಿದ ಒಂದೊಂದು ಹೊಲಿಗೆಯೂ ಎಷ್ಟು ಗಟ್ಟಿ ಎಂಬುದು ಪ್ರಪಂಚದಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಬಂದ ದಾರಿಯಲ್ಲೇ ಓಡಿದೆ. ನಡುಮನೆಯ ಗೋಡೆಯಲ್ಲಿದ್ದ ಮೇನ್ ಸ್ವಿಚ್ಚನ್ನು ಎರಡೂ ಕೈಯಲ್ಲಿ ಕೆಳಗೆಳೆದೆ. ಫ್ಯಾನು ನಿಂತಿತು. ಹಿತ್ತಲಿನ ಗುಂಯ್ಗುಡಿಕೆ ಮಾತ್ರ ನಿಲ್ಲಲಿಲ್ಲ. ಭಾರದ ಚಕ್ಕು ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು, ಮೆಲ್ಲಗೆ ಇಳಿಯುತ್ತ. ಅದು ಪೂರಾ ನಿಲ್ಲುವವರೆಗೆ ನಾನು ಗೋಡೆಗೆ ಒರಗಿ, ಕೂಗು ಬಾರದಿರಲಿ, ಕೂಗು ಬಾರದಿರಲಿ ಎಂದುಕೊಳ್ಳುತ್ತಿದ್ದೆ.

“ರೀ, ಕರೆಂಟ್ ಹೋಯ್ತಾ?”

ಆ ದನಿ ಕೇಳಿ ಹಿತ್ತಲಿಗೆ ಓಡಿದೆ. ಗ್ರೀಸಕ್ಕ ನನಗಿಂತ ಮುಂಚೆ ಶೆಡ್ಡು ತಲುಪಿದ್ದರು. ಅವಳ ತೋಳು ಹಿಡಿದು ಜಗ್ಗಿದರು. ಕೋಟಿನ ಜತೆ ಇವಳೂ ಎರಡು ಹೆಜ್ಜೆ ಮುಂದೆ ಬಂದಳು. ಹೊಲಿಗೆ ಅಲುಗಲಿಲ್ಲ.

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಬದುಕುತ್ತಿದ್ದೆ. ಅವಳು ಸ್ಟೂಲಿನ ಮೇಲೆ ಕೂತು ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು.

“ಎಳೆದು ನೋಡ್ಲೇ ಇಲ್ಲ ನಾನು,” ಎಂದಳು ಗ್ರೀಸಕ್ಕನಿಗೆ. “ಇವ್ರು ಹೊಲಿದಿದ್ದು ಅಂತ.”

ಕೋಟು ಬಿಚ್ಚಿಸಿಕೊಂಡು, ಅಲ್ಲೇ ನೆಲದ ಮೇಲೆ ಕೂತು, ನನ್ನ ಹೊಲಿಗೆಯನ್ನು ನಾನೇ ಬ್ಲೇಡಿನಲ್ಲಿ ಬಿಡಿಸಿದೆ. ಹಾಳಾದ್ದು ಬಿಡಲೊಲ್ಲದು. ಆಮೇಲೆ ಹಳೆಯ ಹತ್ತಿದಾರ ತಂದು ಎರಡೂ ತೋಳಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದೆ. ಕಲಿಯುವವರೂ ನಾಚುವಂಥ ಹೊಲಿಗೆ.

ಅವಳು ತೊಟ್ಟು, ಕೈ ಚಾಚಿದಳು. “ಎಳೀರಿ.”

ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಳೆದೆ. ಪರ್ರನೆ ತೋಳು ಕಿತ್ತು ನನ್ನ ಕೈಗೆ ಬಂತು, ನಾನು ಹಿಂದಕ್ಕೆ ಬಿದ್ದೆ. ಅವಳ ಕೈ ಚಾಚಿದ ಕಡೆಯೇ ಇತ್ತು, ಐದೂ ಬೆರಳುಗಳ ಸಮೇತ. ನಾನು ಗಂಡಸೆಂಬುದನ್ನೂ ಮರೆತು, ಗ್ರೀಸಕ್ಕ ಇದ್ದಾರೆಂಬುದನ್ನೂ ಮರೆತು ಅತ್ತೆ.

“ಸಾಕು ಏಳ್ರೀ. ಮತ್ತೆ ಹೊಲಿದು ಕೊಡಿ, ಅರ್ಧ ಕೆಲಸ ಹಾಗೇ ಇದೆ,” ಎಂದಳು.

ಹೊಲಿದು ಕೊಟ್ಟೆ. ಅವಳು ತೊಟ್ಟು ಲೇತಿನತ್ತ ತಿರುಗಿದಳು. ಅವಳು ಮಷೀನ್ ಮುಟ್ಟುವ ಮುಂಚೆ ನಾನು ಹಿಂದಿನಿಂದ ಹೋಗಿ, ಇನ್ನೂ ಪರೀಕ್ಷಿಸದೆ ಉಳಿದಿದ್ದ ಇನ್ನೊಂದು ತೋಳನ್ನೂ ಎಳೆದು ಕಿತ್ತೆ.