ಚರ್ಚಿನ ನೀರು ನಿಲ್ಲಿಸಿದ ನೆಡ್ರಾ

ಪ್ಲಮ್ ಫೋರ್ಕ್ ಊರಿನ ನೀರು ಕಚೇರಿಯ ಕಂಪ್ಯೂಟರಿನಲ್ಲಿ ಆ ಶುಕ್ರವಾರ ಬೆಳಿಗ್ಗೆ ಒಂದೇ ಒಂದು ಹೆಸರು ಕೆಂಪಗಿತ್ತು. ಕೆಲಸಕ್ಕೆ ಬಂದು ಕೂತ ನೆಡ್ರಾ ಕಾಫಿ ಲೋಟ ಕೆಳಗಿಟ್ಟು ಇನ್ನೊಮ್ಮೆ ಓದಿದಳು. ಅದು ಅವಳದೇ ಚರ್ಚು.

ಸಾಫ್ಟ್‌ವೇರಿಗೆ ದೇವರೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಬಳಸಿದ ನೀರು ಹಿಂದಕ್ಕೆ ಹರಿದು ಊರಿನ ಕೊಳವೆಗೆ ಸೇರದ ಹಾಗೆ ಯಾರ್ಯಾರು ತಡೆವಾಲ್ವ್ ಹಾಕಿಸಬೇಕೋ ಅವರೆಲ್ಲ ಅದರ ಹೊಟ್ಟೆಯಲ್ಲಿದ್ದಾರೆ: ಹಲ್ಲಿನ ಡಾಕ್ಟರು, ಕಾರು ತೊಳೆಯುವವನು, ಹೆಣಕ್ಕೆ ಸ್ನಾನ ಮಾಡಿಸುವವರು, ಅಂಗಳದ ಹುಲ್ಲಿಗೆ ನೀರು ಚಿಮ್ಮಿಸುವ ಶ್ರೀಮಂತರು. ವರ್ಷಕ್ಕೊಮ್ಮೆ ವಾಲ್ವ್ ಪರೀಕ್ಷೆ ಮಾಡಿಸಿದರೆ ಹಸಿರು, ತಡವಾದರೆ ಹಳದಿ. ಅದೇ ಮೂರು ಸಲ ನೋಟಿಸ್ ಕಳಿಸುತ್ತದೆ. ಮೂರಕ್ಕೂ ಜವಾಬಿಲ್ಲದಿದ್ದರೆ ಕೆಂಪು, ಜೊತೆಗೆ ನೀರು ನಿಲ್ಲಿಸುವ ಆದೇಶ.

ಚರ್ಚಿಗೂ ಮೂರು ನೋಟಿಸ್ ಹೋಗಿದ್ದವು. ಆದರೆ ಹೋಗಿದ್ದು ಹಳೆಯ ಪಾಸ್ಟರ್ ಅವರ ಇಮೇಲಿಗೆ. ಅವರು ಊರು ಬಿಟ್ಟು ಅಲಬಾಮಾ ಸೇರಿ ಎಷ್ಟೋ ಕಾಲವಾಗಿತ್ತು. ಬೀಳ್ಕೊಡುಗೆಯ ಊಟಕ್ಕೆ ನೆಡ್ರಾ ತಾನೇ ಪೀಕನ್ ಕಾಯಿಯ ಪೈ ಮಾಡಿ ಒಯ್ದಿದ್ದಳು. ವಿಳಾಸ ಬದಲಾದರೆ ತಿಳಿಸುವುದು ಗಿರಾಕಿಯ ಹೊಣೆ ಎಂಬುದು ನಿಯಮ, ಆ ನಿಯಮದ ಹಿಂದೆ ಅವಳು ಇಷ್ಟು ದಿನ ಹಾಯಾಗಿ ಕೂತಿದ್ದಳು. ಈಗ ಹಾಯೆನಿಸಲಿಲ್ಲ. ಏಕೆಂದರೆ ಈ ಭಾನುವಾರ ಆ ಚರ್ಚಿನ ತೊಟ್ಟಿಯಲ್ಲಿ ಅವಳ ಅಪ್ಪ ಡೆಲ್ಮರ್‌ಗೆ ನೀರಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನವಿತ್ತು.

ಡೆಲ್ಮರ್ ಊರಿನ ನೀರು ಶುದ್ಧಿ ಮಾಡುವ ಘಟಕ ನೋಡಿಕೊಂಡು ನಿವೃತ್ತನಾದವನು. ಹೆಂಡತಿ ಬದುಕಿದ್ದಷ್ಟು ದಿನ ಅವಳು ದೀಕ್ಷಾಸ್ನಾನದ ಮಾತೆತ್ತಿದಾಗಲೆಲ್ಲ, "ಆ ನೀರಿಗೆ ಕ್ಲೋರಿನ್ ಹಾಕೋನೇ ನಾನು. ಅದರಿಂದ ಪಾಪ ತೊಳೆಯೋದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?" ಎಂದು ಹಾರಿಸುತ್ತಿದ್ದ. ಅವಳು ಅದೇ ಕೊರಗಿನಲ್ಲಿ ತೀರಿಕೊಂಡಳು. ಈಗ ಅವನ ಶ್ವಾಸಕೋಶ ಕೈಕೊಟ್ಟಿತ್ತು, ಬೇಸಿಗೆ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಕಳೆದ ವಾರ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡೇ, "ಭಾನುವಾರ ಆಗ್ಲಿ" ಅಂದುಬಿಟ್ಟ. ಯಾಕೆಂದು ಹೇಳಲಿಲ್ಲ. ಒಂದು ವಾರ ಮುಂದೂಡಿದರೆ ಈ ಮನುಷ್ಯ ಮತ್ತೆ ತಿರುಗಿಬೀಳುತ್ತಾನೆಂದು ನೆಡ್ರಾಗೆ ಖಾತ್ರಿಯಿತ್ತು.

ಪರದೆಯಲ್ಲಿ 'ಗಡುವು ವಿಸ್ತರಿಸಿ' ಎಂಬ ಗುಂಡಿ ಇತ್ತು. ಒತ್ತಿದರೆ ಕಾರಣ ಬರೆಯಲು ಒಂದು ಚೌಕ ತೆರೆಯುತ್ತದೆ. ಅವಳು ಒತ್ತಿದಳು. 'ನನ್ನ ಅಪ್ಪ' ಎಂದು ಬರೆದು ಅದನ್ನೇ ನೋಡುತ್ತ ಕೂತಳು, ಆಮೇಲೆ ಅಳಿಸಿದಳು.

ಅಳಿಸಲು ಕಾರಣ ಲವೋನ್. ಚರ್ಚಿನ ಎದುರಿಗೇ ಅವಳ ಬ್ಯೂಟಿ ಪಾರ್ಲರ್. ಅವಳಿಗೆ ಬರಬೇಕಾದ ನೋಟಿಸುಗಳು ಬಿಟ್ಟುಹೋದ ಗಂಡನ ಇಮೇಲಿಗೆ ಹೋಗಿ, ಅವನು ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದ. ಹೈಸ್ಕೂಲು ಹುಡುಗಿಯರು ಡಾನ್ಸಿಗೆ ತಲೆ ಬಾಚಿಸಿಕೊಳ್ಳಲು ಸಾಲುಗಟ್ಟುವ ದಿನವೇ ನೆಡ್ರಾ ಹೋಗಿ ನೀರು ನಿಲ್ಲಿಸಿದ್ದಳು. "ಫೋನ್ ಮಾಡಿ ಒಂದು ಮಾತು ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?" ಎಂದು ಲವೋನ್ ರಸ್ತೆಯಲ್ಲೇ ಕೂಗಾಡಿದ್ದಳು. ವಿಳಾಸ ಬದಲಾಯಿಸುವುದು ನಿನ್ನ ಹೊಣೆ ಎಂದು ನೆಡ್ರಾ ಅಂದಿದ್ದಳು. ಆಗಿನಿಂದ ಇಬ್ಬರಿಗೂ ಮಾತಿಲ್ಲ.

ವಾಲ್ವ್ ಪರೀಕ್ಷೆ ಮಾಡುವ ವೆಂಡೆಲ್‌ನನ್ನು ಕರೆದುಕೊಂಡು ನೆಡ್ರಾ ಚರ್ಚಿಗೆ ಹೋದಳು. ಪಾಸಾದರೆ ಅಲ್ಲಿಗೆ ಎಲ್ಲ ಮುಗಿಯುತ್ತದೆಂಬ ಆಸೆ. ಪಾಸಾಗಲಿಲ್ಲ. ವಾಲ್ವಿನೊಳಗಿನ ರಬ್ಬರ್ ಸವೆದಿತ್ತು, ಹೊಸದು ಮಂಗಳವಾರಕ್ಕೆ ಮೊದಲು ಬರುವುದಿಲ್ಲ ಎಂದು ವೆಂಡೆಲ್ ತಲೆಯಾಡಿಸಿದ. ಒಳಗೆ ಸಭೆಯ ಹಿರಿಯ ಹಾಯ್ಟ್ ಆಗಲೇ ತೊಟ್ಟಿ ತುಂಬಿಸಲು ಶುರುಮಾಡಿದ್ದ. ತೊಟ್ಟಿಯ ನಲ್ಲಿ ಸಣ್ಣಗೆ ಬರುತ್ತದೆಂದು ಬೇರೆ ನಲ್ಲಿಗೆ ತೋಟದ ಪೈಪನ್ನು ಜೋಡಿಸಿ ಇನ್ನೊಂದು ತುದಿಯನ್ನು ತಳಕ್ಕೆ ಇಳಿಬಿಟ್ಟಿದ್ದ.

"ಬ್ರದರ್ ಹಾಯ್ಟ್, ಪೈಪ್ ನೀರೊಳಗೆ ಮುಳುಗಿದೆ."

"ಮುಳುಗದೆ ಇನ್ನೇನಮ್ಮ? ಮೇಲಿಂದ ಬಿಟ್ರೆ ಕಾರ್ಪೆಟ್ಟೆಲ್ಲ ಒದ್ದೆ ಆಗತ್ತೆ."

"ಎಲ್ಲೋ ಬೆಂಕಿ ಬಿದ್ದು ಫೈರ್ ಇಂಜಿನ್‌ನೋರು ನೀರೆಳೆದ್ರೆ ಕೊಳವೆಯಲ್ಲಿ ಒತ್ತಡ ಬಿದ್ದುಹೋಗತ್ತೆ. ಆಗ ಈ ತೊಟ್ಟಿ ನೀರು ವಾಪಸ್ ಊರಿನ ನಲ್ಲಿಗೆ ಹೋಗತ್ತೆ. ತಡೆಯೋ ವಾಲ್ವೇ ಕೆಟ್ಟಿದೆ."

"ನಂಗೆ ಬುದ್ಧಿ ಬಂದಾಗಿಂದ ಹೀಗೇ ತುಂಬಿಸ್ತಿದೀವಿ. ಯಾರು ಸತ್ರು? ಇವತ್ತು ತುಂಬಿಸಿ ಪೈಪ್ ತೆಗೆದುಬಿಡ್ತೀನಿ, ನೀನು ಮಂಗಳವಾರ ಬಂದು ನೋಡು."

ಅದು ಅವಳಿಗೂ ಹೊಳೆದಿತ್ತು. ಹಾಯ್ಟ್‌ನ ಬಾಯಲ್ಲಿ ಕೇಳಿದಾಗ ಮಾತ್ರ ನಾಚಿಕೆಯಾಯಿತು. ಗಾಡಿಯಿಂದ ಉದ್ದದ ಕೀಲಿ ತಂದು, ಹಾದಿಬದಿಯ ಮೀಟರ್ ಗುಂಡಿಯ ಮುಚ್ಚಳ ಎತ್ತಿ, ನೀರು ನಿಲ್ಲಿಸಿದಳು. ಹಾಯ್ಟ್ ಮೆಟ್ಟಿಲ ಮೇಲೆ ನಿಂತು, "ಹೆತ್ತಪ್ಪನ ಕೆಲ್ಸಕ್ಕೇ ಕಲ್ಲು ಹಾಕ್ತೀಯಲ್ಲೇ! ನಿಮ್ಮಮ್ಮ ಇದ್ದಿದ್ರೆ ಏನಂತಿದ್ಲು?" ಎಂದ. ಆ ಮಾತು ನೆಟ್ಟಗೆ ಎದೆಗೆ ನಾಟಿತು. ಎದುರಿನ ಪಾರ್ಲರಿನ ಗಾಜಿನ ಹಿಂದೆ ಲವೋನ್ ಕೈಯಲ್ಲಿ ಬಾಚಣಿಗೆ ಹಿಡಿದು ಎಲ್ಲ ನೋಡುತ್ತಿದ್ದಳು.

ಮನೆಗೆ ಹೋಗಿ ಅಪ್ಪನಿಗೆ ಹೇಳುವುದೇ ದೊಡ್ಡ ಕೆಲಸವಾಯಿತು. ಅವನು ಕುರ್ಚಿಯಲ್ಲಿ ಕೂತು ಬೇಸ್‌ಬಾಲ್ ನೋಡುತ್ತಿದ್ದ. ಎಲ್ಲ ಕೇಳಿ ಟಿವಿಯ ಸದ್ದು ಕಡಿಮೆ ಮಾಡಿದ.

"ಒಳ್ಳೇದೇ ಮಾಡ್ದೆ. ನನ್ನ ಇಷ್ಟು ವರ್ಷದ ಪಾಪ ಹಿಂದಕ್ಕೆ ಹರಿದು ಲವೋನ್ ಕಾಫಿಗೆ ಸೇರಿದ್ರೆ? ಮೊದಲೇ ಅವಳ ಬಾಯಿ ಜೋರು."

"ತಮಾಷೆ ಮಾಡ್ಬೇಡಪ್ಪ. ಮುಂದಿನ ಭಾನುವಾರ ಇಟ್ಕೊಳ್ಳೋಣ್ವಾ?"

ಅವನು ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡ. "ಮುಂದಿನ ಭಾನುವಾರದ ಮಾತು ನನ್ನತ್ರ ಆಡ್ಬೇಡ ಕಣೆ" ಎಂದು ಮತ್ತೆ ಟಿವಿ ಕಡೆ ತಿರುಗಿದ. ನೆಡ್ರಾಗೆ ಭಯವಾಯಿತು.

ಶನಿವಾರ ಬೆಳಿಗ್ಗೆ ಅವಳು ಪಾರ್ಲರಿನ ಬಾಗಿಲು ತಳ್ಳಿದಳು. ಲವೋನ್ ಒಬ್ಬ ಮುದುಕಿಯ ತಲೆಗೆ ಬಣ್ಣ ಹಚ್ಚುತ್ತಿದ್ದವಳು ತಿರುಗಿಯೂ ನೋಡಲಿಲ್ಲ.

"ಏನು, ಇನ್ನೊಂದು ಸಲ ಮುಚ್ಚೋಕೆ ಬಂದ್ಯಾ?"

"ಅವತ್ತು ನಿಂಗೆ ಫೋನ್ ಮಾಡ್ಬೇಕಿತ್ತು. ನಿನ್ನ ಗಂಡ ಬಿಟ್ಟುಹೋಗಿದ್ದು ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ, ತಪ್ಪಾಯ್ತು."

"ಹೌದು, ತಪ್ಪೇ" ಎಂದಳು ಲವೋನ್. ಕುಂಚ ಬಟ್ಟಲಿಗೆ ಹಾಕಿ ಈಗ ತಿರುಗಿದಳು. "ನಿನ್ನೆ ನೀನು ಚರ್ಚಿಗೆ ಬಿಟ್ಟುಕೊಟ್ಟಿದ್ರೆ ಈ ಬಾಗಿಲಿಂದ ಒಳಗೆ ಬಿಡ್ತಿರ್ಲಿಲ್ಲ. ಏನು ಬೇಕು ಹೇಳು."

"ನೀರು ಬೇಕು. ನಿನ್ನ ವಾಲ್ವ್ ಹಸಿರಿದೆ."

"ಕಂಪ್ಯೂಟರ್ ನೋಡ್ಕೊಂಡೇ ಬಂದಿದೀಯಾ? ನೋಡೇ ಇರ್ತೀಯ. ನಿಮ್ಮಪ್ಪನ ಎದೆಗೆ ತಣ್ಣೀರು ಆಗಲ್ಲ ಕಣೆ, ತಲೆ ತೊಳೆಯೋ ಬೇಸಿನ್ನಿಂದ ಬಿಸಿನೀರೇ ಎಳೀತೀನಿ."

ಪಾರ್ಲರಿನ ಪೈಪು ರಸ್ತೆ ದಾಟಿ ಚರ್ಚಿನೊಳಗೆ ಮುಟ್ಟುವಷ್ಟು ಉದ್ದವಿರಲಿಲ್ಲ. ಹಾಗಾಗಿ ಭಾನುವಾರ ತೊಟ್ಟಿಯೇ ಈಚೆಗೆ ಬಂತು. ದನಗಳಿಗೆ ನೀರಿಡುವ ದೊಡ್ಡ ತಗಡಿನ ತೊಟ್ಟಿಯೊಂದನ್ನು ಹಾಯ್ಟ್ ಗೊಣಗುತ್ತಲೇ ತನ್ನ ಗಾಡಿಯಲ್ಲಿ ತಂದು ಪಾರ್ಲರಿನ ಮುಂದೆ ಇಳಿಸಿದ. ಇಳಿಸುವ ಮುಂಚೆ ಉಜ್ಜಿ ಬೆಳಗಿದ್ದ, ಅಷ್ಟು ಪ್ರೀತಿ ಅವನಿಗೂ ಇತ್ತು. ನೆಡ್ರಾ ಪೈಪಿನ ತುದಿಯನ್ನು ತೊಟ್ಟಿಯ ಅಂಚಿಗಿಂತ ಗೇಣು ಮೇಲೆ ಎತ್ತಿ ಹಿಡಿದು ನಿಂತಳು. ನೀರಿಗೂ ಪೈಪಿಗೂ ನಡುವೆ ಬರೀ ಗಾಳಿ ಇದ್ದರೆ, ಹಸಿರಿರುವ ವಾಲ್ವೇ ಕೈಕೊಟ್ಟರೂ ನೀರು ಹಾರಿ ಹಿಂದಕ್ಕೆ ಹೋಗುವುದಿಲ್ಲ.

"ಅಲ್ಲೆಲ್ಲಾದ್ರೂ ಕಟ್ಟೇ, ತೋಳು ಬಿದ್ದುಹೋಗತ್ತೆ" ಎಂದಳು ಲವೋನ್.

"ಜಾರಿ ಒಳಗೆ ಬಿದ್ರೆ?"

"ಮಹಾತಾಯಿ!" ಎಂದು ಲವೋನ್ ಒಂದು ಸ್ಟೂಲು ತಂದು ಕೊಟ್ಟಳು.

ಆರಾಧನೆ ಮುಗಿದು ಜನ ರಸ್ತೆ ದಾಟಿ ಬಂದರು. ಹೊಸ ಪಾಸ್ಟರ್ ಟೆರೆಲ್ ಪ್ಯಾಂಟು ಮಡಿಸಿ ಬಿಸಿನೀರಿಗಿಳಿದು, "ಆಹಾ, ನಮ್ಮ ತೊಟ್ಟಿ ಯಾವತ್ತೂ ಇಷ್ಟು ಬೆಚ್ಚಗಿರ್ಲಿಲ್ಲ" ಅಂದ. ಡೆಲ್ಮರ್ ಮಗಳ ಗಾಡಿಯಿಂದ ಇಳಿದ. ಘಟಕದಲ್ಲಿ ಹಾಕುತ್ತಿದ್ದ ಹಳೆಯ ಕೆಲಸದ ಉಡುಪನ್ನೇ ತೊಟ್ಟಿದ್ದ. ನಳಿಕೆಯನ್ನು ಮೂಗಿನಿಂದ ತೆಗೆದು ನೆಡ್ರಾ ಕೈಗೆ ಕೊಟ್ಟು, ಹಾಯ್ಟ್‌ನ ಭುಜ ಹಿಡಿದು ತೊಟ್ಟಿಯೊಳಗೆ ಕೂತ. ನಂಬಿದ್ದೀಯಾ ಎಂದು ಪಾಸ್ಟರ್ ಕೇಳಿದಾಗ ಹೌದು ಎಂದ. ಪಾಸ್ಟರ್ ಅವನ ಬೆನ್ನಿಗೆ ಕೈಕೊಟ್ಟು ಹಿಂದಕ್ಕೆ ಮುಳುಗಿಸಿ ಎತ್ತಿದ. ಕೆಮ್ಮುತ್ತ ಮೇಲೆ ಬಂದ ಅಪ್ಪನ ಮುಖಕ್ಕೆ ನೆಡ್ರಾ ಓಡಿಹೋಗಿ ನಳಿಕೆ ಸಿಕ್ಕಿಸಿದಳು. ಜನ ಹಾಡು ಶುರುಮಾಡಿದರು.

ಲವೋನ್ ಯಾರನ್ನೂ ಕೇಳದೆ ಅವನನ್ನು ಪಾರ್ಲರಿನೊಳಗೆ ಕರೆದೊಯ್ದು, ಟವೆಲ್ಲು ಸುತ್ತಿ, ಬಿಸಿಗಾಳಿ ಬಿಟ್ಟು ಹೆಂಗಸರ ತಲೆ ಒಣಗಿಸುವ ದೊಡ್ಡ ಟೋಪಿಯಂಥ ಯಂತ್ರದ ಕೆಳಗೆ ಕೂರಿಸಿದಳು. ನೆಡ್ರಾ ಅವನ ಕಾಲೊರೆಸುತ್ತ ಕೆಳಗೆ ಕೂತಳು. ಹೆದರಿಕೆಯೆಲ್ಲ ಇಳಿದಮೇಲೆ ಈಗ ಕೇಳುವ ಧೈರ್ಯ ಬಂತು.

"ಅಪ್ಪ, ಅಮ್ಮ ಅಷ್ಟು ಬೇಡಿದಾಗ ಬರ್ಲಿಲ್ಲ. ಈಗ ಯಾಕೆ ಬಂದೆ?"

ಟೋಪಿಯ ಗಾಳಿಯ ಸದ್ದಿಗೆ ತನ್ನ ದನಿ ತನಗೇ ಕೇಳದೆ ಡೆಲ್ಮರ್ ಕಿರುಚಿದ. ಬಾಗಿಲಲ್ಲಿ ನಿಂತಿದ್ದವರಿಗೆಲ್ಲ ಕೇಳಿಸಿತು.

"ನಿಮ್ಮಮ್ಮ ಬರೀ ನೋಟಿಸ್ ಕೊಡ್ತಿದ್ಲು ಕಣೆ! ಜೀವ ಇರೋತನಕ ನೋಟಿಸ್! ಈಗ ಈ ಎದೆ ಕೈಕೊಟ್ಟು ನೀರೇ ನಿಲ್ಲಿಸೋಕೆ ಬಂತು, ನಾನೂ ಬಂದೆ! ಅವಳೂ ಒಂದೇ ಒಂದು ದಿನ ನೀರು ನಿಲ್ಲಿಸಿಬಿಟ್ಟಿದ್ರೆ, ಅವಳ ಕಣ್ಣೆದುರಿಗೇ ಬರ್ತಿದ್ದೆ!"

ಬಾಗಿಲಲ್ಲಿದ್ದವರು ನಕ್ಕರು. ನೆಡ್ರಾಗೂ ನಗು ಬಂತು, ಆದರೆ ತಲೆಯೆತ್ತಿ ನೋಡಿದರೆ ಅಪ್ಪ ನಗುತ್ತಿರಲಿಲ್ಲ. ಅವನ ಕೆನ್ನೆಯ ಮೇಲಿನ ನೀರನ್ನು ಅವಳು ಟವೆಲ್ಲಿನಿಂದ ಒರೆಸಿದಳು, ಕೆನ್ನೆ ಮತ್ತೆ ಒದ್ದೆಯಾಯಿತು.