ಅಂಗಾಲಿನ ಹುಣ್ಣಿಗೆ ಕನ್ನಡಿ ಬೇಕು

ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರನಿಗೆ ಬೂಟು ಕೊಡುವುದನ್ನು ನಿಲ್ಲಿಸಿದರು. ಅವನ ಕಾಲಿಗೆ ಬಿಸಿ ತಾಗುವುದಿಲ್ಲ, ಹಾಗಾಗಿ ಬೂಟು ಬೇಕಿಲ್ಲ ಎಂದರು.

ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಅಲ್ಲಿಗೆ ಬರುತ್ತದೆ. ಆಳೆತ್ತರದ ಯಂತ್ರಗಳು ಬಿಸಿನೀರಿನಲ್ಲಿ ಒಗೆದು, ಆ ನೀರನ್ನು ನೆಲದ ಮೋರಿಗೆ ಬಿಡುತ್ತವೆ. ಮೋರಿಯ ಬಾಯಲ್ಲಿ ಕಬ್ಬಿಣದ ಜಾಲರಿ. ಬಟ್ಟೆಯಿಂದ ಉದುರಿದ ನೂಲಿನ ಜುಂಗು ಅದಕ್ಕೆ ಕಟ್ಟಿಕೊಂಡರೆ ನೀರು ಹಿಂದಕ್ಕೆ ನುಗ್ಗುತ್ತದೆ. ಯಾರಾದರೂ ಇಳಿದು ಬಿಡಿಸಬೇಕು. ಬೇರೆಯವರು ಇಳಿಯುವುದಾದರೆ ಯಂತ್ರ ನಿಲ್ಲಬೇಕು, ನೀರು ಆರಬೇಕು. ಇವನು ಇಳಿದರೆ ಏನೂ ನಿಲ್ಲಬೇಕಿರಲಿಲ್ಲ. ಒಮ್ಮೆ ಬೂಟಿನೊಳಗೆ ಸುಡುನೀರು ತುಂಬಿದ್ದರೂ ಅವನು ಹಾಡು ಗುನುಗುತ್ತ ನಿಂತಿದ್ದನ್ನು ಮೇಸ್ತ್ರಿ ಕಣ್ಣಾರೆ ಕಂಡ. ಅಂದಿನಿಂದ ಅವನ ಹೆಸರು ಕಲ್ಲುಗಾಲ.

ಹೆಸರು ಅವನಿಗೂ ಹಿಡಿಸಿತ್ತು. ಬಡವನಿಗೆ ಬಿರುದು ಕೊಡಲು ಖರ್ಚಿಲ್ಲ. ಬೂಟಿಗೆ ಖರ್ಚಿದೆ.

ಅವನ ಮನೆ ಒಂದೇ ಕೋಣೆಯದು, ಸಿಮೆಂಟು ನೆಲ. ತಾಯಿ, ಹೆಂಡತಿ, ಅವನು. ಹೆಂಡತಿ ಅದೇ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿದ್ದಾಳೆ. ರಜೆಯ ದಿನ ಬೆಳಿಗ್ಗೆ ಅವಳು ಪಾತ್ರೆ ಒರೆಸುತ್ತಿದ್ದಳು. ಗಂಡ ನಲ್ಲಿಯಿಂದ ಬಾಗಿಲಿಗೆ, ಬಾಗಿಲಿನಿಂದ ನಲ್ಲಿಗೆ ಓಡಾಡುತ್ತಿದ್ದ. ಅವನು ಹೆಜ್ಜೆ ಇಟ್ಟಾಗಲೆಲ್ಲ ಒಂದು ಸದ್ದು. ಟಿಕ್. ಟಿಕ್.

"ಏನ್ರೀ ಅದು ಸದ್ದು?"

"ಯಾವ ಸದ್ದು?"

"ನೀವು ನಡೆದ್ರೆ ಬರ್ತಿದೆಯಲ್ಲ. ಗಡಿಯಾರ ಏನಾದ್ರೂ ನುಂಗಿದ್ದೀರಾ?"

ಅವನು ನಕ್ಕ. ಮತ್ತೆ ನಡೆದು ತೋರಿಸಿದ. ಟಿಕ್. ಬಲಗಾಲಿನದು ಮಾತ್ರ. ಹೆಂಡತಿ ಅವನನ್ನು ಕೂರಿಸಿ ಕಾಲೆತ್ತಿ ನೋಡಿದಳು. ಹಿಮ್ಮಡಿಯಲ್ಲಿ ಒಂದು ಗುಂಡುಪಿನ್ನು ತಲೆಯವರೆಗೂ ಇಳಿದಿತ್ತು. ಹಾಸುಬಟ್ಟೆಗೆ ಗುರುತಿನ ಚೀಟಿ ಚುಚ್ಚುತ್ತಾರಲ್ಲ, ಅಂಥದ್ದು. ಹೆಬ್ಬೆರಳಿನ ಬುಡದಲ್ಲಿ ಬೆಂದು ಬಿಳುಚಿದ ಚರ್ಮ, ಅದರ ನಡುವೆ ಬೆರಳು ತೂರುವಷ್ಟು ಗುಳಿ. ಇಷ್ಟು ದಿನ ಮೋರಿಯ ವಾಸನೆ ಎಂದು ಅವಳು ತಿಳಿದಿದ್ದು ಇದರದ್ದೇ.

"ಯಾವಾಗ ಚುಚ್ಕೊಂಡ್ರಿ ಇದನ್ನ?"

"ಗೊತ್ತಿಲ್ಲ ಕಣೆ," ಎಂದ. ಬೇರೆ ಯಾರದೋ ಕಾಲು ನೋಡುವವನಂತೆ ನೋಡುತ್ತಿದ್ದ.

ಅವಳು ಓಡಿಹೋಗಿ ಎದುರು ಮನೆಯ ಸೂಜಿಯಕ್ಕನನ್ನು ಕರೆತಂದಳು. ಸೂಜಿಯಕ್ಕ ಕಾರ್ಖಾನೆಯಲ್ಲಿ ಬಟ್ಟೆ ಮಡಿಸುವವಳು. ಊಟಕ್ಕೆ ಮುಂಚೆ ಹಾಸುಬಟ್ಟೆಯ ರಾಶಿಯ ಮರೆಯಲ್ಲಿ ಹೊಟ್ಟೆಗೆ ತಾನೇ ಇಂಜೆಕ್ಷನ್ ಚುಚ್ಚಿಕೊಳ್ಳುತ್ತಾಳೆ. ಅದಕ್ಕೇ ಆ ಹೆಸರು. ಬೆನ್ನ ಹಿಂದೆ ಜನ ಬೇರೆ ಏನೇನೋ ಅನ್ನುತ್ತಾರೆ.

ತಾಯಿ ಮುಖ ಗಂಟಿಕ್ಕಿದಳು. "ಇವಳನ್ನ ಯಾಕೆ ಕರ್ಕೊಂಡು ಬಂದೆ? ದಿನಾ ತನ್ನ ಮೈಗೇ ಚುಚ್ಕೊಳ್ಳೋಳು, ನನ್ನ ಮಗನಿಗೆ ಏನು ಹೇಳ್ತಾಳೆ?"

"ಅಮ್ಮಾ, ಚುಚ್ಕೊಂಡ್ರೆ ನನಗೆ ನೋವಾಗುತ್ತೆ. ನಿಮ್ಮ ಮಗನಿಗೆ ಆಗಿಲ್ಲ. ಅದೇ ನನಗೆ ಭಯ."

"ಭಯ ಏನು ಬಂತು? ನಮ್ಮ ವಂಶದ ಕಾಲೇ ಹಾಗೆ. ಇವರಪ್ಪ ಉರಿಯೋ ಬೆಂಕಿಕಡ್ಡೀನ ಅಂಗಾಲಲ್ಲಿ ಒತ್ತಿ ಆರಿಸ್ತಿದ್ರು. ಜನ ಪಂದ್ಯ ಕಟ್ಟೋರು!"

ಸೂಜಿಯಕ್ಕ ಅವಳಿಗೆ ಉತ್ತರ ಕೊಡದೆ ಕಲ್ಲುಗಾಲನ ಕಡೆ ತಿರುಗಿದಳು. "ತಮ್ಮಾ, ಹಿಂದೆ ಯಾವಾಗಲಾದ್ರೂ ಕಾಲು ಉರೀತಿತ್ತಾ? ಇರುವೆ ಹರಿದ ಹಾಗೆ?"

"ಬೇಕಾದಷ್ಟು ಉರೀತಿತ್ತಕ್ಕ. ಆಮೇಲೆ ತಾನಾಗೇ ವಾಸಿಯಾಯ್ತು."

"ವಾಸಿಯಾಗಲಿಲ್ಲಪ್ಪ. ಸತ್ತುಹೋಯ್ತು."

ಸತ್ತಿದ್ದೇನು ಎಂಬಂತೆ ಅವನು ತನ್ನ ಕಾಲನ್ನೇ ಮುಟ್ಟಿ ನೋಡಿಕೊಂಡ.

"ಕಾರ್ಖಾನೇಲಿ ಅವಸರದ ಮಾತಿದ್ರೆ ಹೇಗೆ ಮುಟ್ಟಿಸ್ತೀಯ?" ಎಂದು ಅವಳೇ ಕೇಳಿದಳು.

"ಗಂಟೆ ಒತ್ತುತ್ತೀನಿ. ತಂತೀಲಿ ಆಫೀಸಿಗೆ ಹೋಗುತ್ತೆ."

"ಎಲ್ಲಾ ವಿಭಾಗಕ್ಕೂ ತಿಳಿಸಬೇಕಾದ್ರೆ?"

"ಬಟ್ಟೆ ಗಾಡೀಲಿ ಚೀಟಿ ಇಡ್ತಾರೆ. ಗಾಡಿ ಸುತ್ತು ಬಂದಾಗ ಓದ್ಕೋತಾರೆ."

"ಮೈ ನಡೆಯೋದೂ ಹಾಗೇ. ತಂತಿ ಅಂದ್ರೆ ನರ. ಕಾಲಿಗೆ ಬಿಸಿ ತಾಗಿದ್ರೆ ರೆಪ್ಪೆ ಬಡಿಯೋದ್ರೊಳಗೆ ಬೆನ್ನುಹುರಿಗೆ ಸುದ್ದಿ. ನೀನು ಅಯ್ಯೋ ಅನ್ನೋ ಮೊದಲೇ ಕಾಲು ಹಿಂದಕ್ಕೆ ಬಂದಿರುತ್ತೆ. ಚೀಟಿ ಅಂದ್ರೆ ಹಾರ್ಮೋನು. ಗ್ರಂಥಿಗಳು ಅದನ್ನ ರಕ್ತಕ್ಕೆ ಬಿಡ್ತವೆ. ನಿಧಾನ, ಆದ್ರೆ ಮೈಯೆಲ್ಲಾ ಸುತ್ತುತ್ತೆ. ಹೊಟ್ಟೆಯೊಳಗೆ ಮೇದೋಜೀರಕ ಅಂತ ಒಂದು ಗ್ರಂಥಿ ಇದೆ. ಅದು ಕಳಿಸೋ ಚೀಟಿ ಇನ್ಸುಲಿನ್. ಮೈಯ ಕಣಕಣಕ್ಕೂ ಹೋಗಿ, ಸಕ್ಕರೆ ಬಂದಿದೆ, ಬಾಗಿಲು ತೆಗೆದು ಒಳಗೆ ಇಳಿಸ್ಕೊಳ್ಳಿ ಅನ್ನುತ್ತೆ. ಆ ಚೀಟಿ ಬರದೇ ಹೋದ್ರೆ? ಅಥವಾ ಬಂದ್ರೂ ಬಾಗಿಲು ಕಾಯೋನು ಕೇಳದೇ ಹೋದ್ರೆ?"

"ಗಾಡಿ ಓಣೀಲೇ ನಿಲ್ಲುತ್ತೆ. ಒದ್ದೆ ಬಟ್ಟೆ ಕೊಳೆಯುತ್ತೆ."

"ಸಕ್ಕರೇನೂ ರಕ್ತದಲ್ಲೇ ನಿಂತ್ಕೊಳ್ಳುತ್ತೆ. ಬಹಳ ಕಾಲ ನಿಂತ್ರೆ ತಂತೀನೇ ತಿಂದುಹಾಕುತ್ತೆ. ಮೈಯಲ್ಲಿ ಎಲ್ಲಕ್ಕಿಂತ ಉದ್ದದ ತಂತಿ ಪಾದಕ್ಕೆ ಹೋಗೋದು. ಸಾಮಾನ್ಯವಾಗಿ ಮೊದಲು ಸಾಯೋದೂ ಅದೇ. ಇದನ್ನ ಆಸ್ಪತ್ರೆ ಸಿಸ್ಟರ್ ನನಗೆ ಹೇಳಿಕೊಟ್ಟಾಗ ನನ್ನ ಕಾಲಿನ ಕಿರುಬೆರಳು ಹೋಗಿಯಾಗಿತ್ತು."

"ಅವನು ಸಿಹಿ ಮೂಸಿಯೂ ನೋಡಲ್ಲ!" ಎಂದಳು ತಾಯಿ. "ಸಕ್ಕರೆ ಕಾಯಿಲೆ ತಿಂದು ಕೊಬ್ಬಿದೋರಿಗೆ ಬರೋದು. ನಮ್ಮಂಥೋರಿಗೆಲ್ಲಿ?"

"ನಾನು ಕೊಬ್ಬಿದ್ದೀನಾ ನೋಡಿ ಅಮ್ಮ. ಗಾಳಿ ಬೀಸಿದ್ರೆ ಬಾಗಿಲು ಹಿಡ್ಕೋತೀನಿ." ಸೂಜಿಯಕ್ಕ ದನಿ ತಗ್ಗಿಸಿದಳು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವರಪ್ಪ ಹೇಗೆ ಹೋದ್ರು?"

ತಾಯಿ ಮಗನ ಕಾಲಿನಿಂದ ಕಣ್ಣು ತೆಗೆದಳು. "ಕಾಲಿಗೆ ಏನೋ ತಾಗಿತ್ತು. ಕೊಳೀತು. ಯಾರದೋ ಕಣ್ಣು ಬಿತ್ತು ಅಂದ್ರು."

"ನೀರು ಜಾಸ್ತಿ ಕುಡೀತಿದ್ರಾ? ಪದೇಪದೇ ಹೊರಗೆ ಹೋಗೋರಾ?"

"ತಂಬಿಗೆ ಪಕ್ಕದಲ್ಲೇ ಇರಬೇಕಿತ್ತು..."

ತಾಯಿಯ ಕಣ್ಣು ಮಗನ ಹಾಸಿಗೆಯ ಕಡೆ ಹೋಯಿತು. ಅಲ್ಲಿಯೂ ತಲೆದಿಂಬಿನ ಪಕ್ಕದಲ್ಲಿ ಒಂದು ತಂಬಿಗೆ ಇತ್ತು. ಅವಳೇ ದಿನವೂ ತುಂಬಿಸಿಡುತ್ತಿದ್ದಳು.

"ಏಳೋ," ಎಂದಳು ಮಗನಿಗೆ. "ಆಸ್ಪತ್ರೆಗೆ ನಡಿ."

"ನಡಿಯೋದಲ್ಲ, ಹೊತ್ಕೊಂಡು ಹೋಗಬೇಕು," ಎಂದಳು ಸೂಜಿಯಕ್ಕ. ಪಿನ್ನನ್ನು ಕೀಳಲು ಬಿಡಲಿಲ್ಲ. ಒಗೆದ ಬಟ್ಟೆ ಸುತ್ತಿ, ಕಾಲು ನೆಲಕ್ಕೆ ತಾಗದಂತೆ ಕರೆದೊಯ್ದರು.

ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಸಕ್ಕರೆ ಮಿತಿಮೀರಿತ್ತು. ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಇನ್ನೂ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು ಡಾಕ್ಟರು. ಸತ್ತ ನರ ಮರಳಿ ಬರುವುದು ಕಷ್ಟ. ಸಕ್ಕರೆಯನ್ನು ಹಿಡಿತದಲ್ಲಿಟ್ಟರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ಔಷಧ ಮಾತ್ರ ತಪ್ಪಿಸಬಾರದು ಎಂದರು. ಬೆರಳು ಕತ್ತರಿಸಿದ ಜಾಗದ ಪಟ್ಟಿ ಬಿಚ್ಚುವಾಗಲೂ ಅವನು "ಹಾ" ಎನ್ನಲಿಲ್ಲ. ಆ ಮೌನ ಕೇಳಲಾರದೆ ತಾಯಿ ಹೊರಗೆ ಹೋದಳು.

ಮನೆಗೆ ಬಂದ ಮೇಲೆ ಅವನಿಗೆ ಇಂಜೆಕ್ಷನ್ ಚುಚ್ಚುವುದನ್ನು ಸೂಜಿಯಕ್ಕನಿಂದ ಕಲಿತವಳು ಆ ತಾಯಿಯೇ.

ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ಕಾಯಿಲೆಯನ್ನು ಮಾಲೀಕ ತಂದುಹಾಕಲಿಲ್ಲ. ಅದು ನಿಜ. ಆದರೆ ಒಬ್ಬ ಮನುಷ್ಯನ ಮೈಯ ಕಾವಲುಗಂಟೆ ಕೆಟ್ಟಿದೆ ಎಂದು ಕಂಡ ಮೇಲೂ ಅವನನ್ನೇ ಸುಡುನೀರಿಗೆ ಇಳಿಸಿದರಲ್ಲ, ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂದರೆ ಅದೇ. ನೋವು ನಮ್ಮ ಶತ್ರುವಲ್ಲ. ಬಾಗಿಲಲ್ಲಿ ಬೊಗಳುವ ನಾಯಿ ಅದು. ಸುಮ್ಮನಾದರೆ ಕಳ್ಳ ಹೋದ ಎಂದು ಮಲಗಬೇಡಿ, ಎದ್ದು ನೋಡಿ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ ಹಿರಿಯರು. ಅಂಗಾಲಿನದಕ್ಕೆ ಬೇಕು. ದಿನಕ್ಕೊಮ್ಮೆ ಕನ್ನಡಿ ಹಿಡಿದು ನಿಮ್ಮ ಪಾದ ನೋಡಿಕೊಳ್ಳಿ, ಆಗದಿದ್ದರೆ ಮನೆಯವರಿಂದ ನೋಡಿಸಿಕೊಳ್ಳಿ. ಕಾಲು ಉರಿದರೆ, ಜೋಮು ಹಿಡಿದರೆ, ಬಾಯಾರಿಕೆ ತೀರದಿದ್ದರೆ, ಗಾಯ ಮಾಯದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಬರಿಗಾಲಲ್ಲಿ ತಿರುಗಬೇಡಿ. ಬೂಟು ಕೇಳಿ. ಒಬ್ಬರೇ ಕೇಳಿದರೆ ಕೊಡುವುದಿಲ್ಲ, ಸೇರಿ ಕೇಳಿ.

ಮೇಸ್ತ್ರಿ ಆ ಮನೆಗೆ ಬಂದಾಗ ಕಲ್ಲುಗಾಲ ಬಾಗಿಲಲ್ಲಿ ಕೂತು ಎಡಗಾಲಿನ ಕೆಳಗೆ ಕನ್ನಡಿ ಹಿಡಿದಿದ್ದ. ಬಲಗಾಲಿಗೆ ಇನ್ನೂ ಪಟ್ಟಿ ಇತ್ತು.

"ಏನಯ್ಯಾ, ಕಾಲಿಗೂ ಶೃಂಗಾರನಾ?" ಎಂದ ಮೇಸ್ತ್ರಿ. "ಜಾಲರಿ ಕಟ್ಕೊಂಡಿದೆ. ಬಾ, ಒಂದು ಕಾಲಲ್ಲೇ ಇಳಿ. ಹೇಗೂ ನಿನಗೆ ನೋವಿಲ್ವಲ್ಲ."

"ನೋವಿಲ್ಲ, ಅದಕ್ಕೇ ಇಳಿಯಲ್ಲ," ಎಂದ ಅವನು. "ಯಂತ್ರ ನಿಲ್ಲಿಸಿ. ನೀರು ಆರಲಿ. ಆಮೇಲೆ ನೋವಾಗೋರನ್ನ, ಬೂಟು ಹಾಕಿಸಿ ಇಳಿಸಿ."

ಮೇಸ್ತ್ರಿ ಅವನ ತಲೆಯ ಮೇಲಿಂದ ಒಳಗೆ ನೋಡಿದ. "ಅಮ್ಮಾ, ನೀವಾದ್ರೂ ಹೇಳಿ ನಿಮ್ಮ ಮಗನಿಗೆ. ಎಂಥಾ ಕಾಲು ಅದು! ಮನೇಲಿ ಕೂರಿಸಿ ಹಾಳು ಮಾಡ್ತಿದ್ದೀರಲ್ಲ."

ತಾಯಿ ಎದ್ದು ಬಂದಳು. ಮೊದಲು ಮೇಸ್ತ್ರಿಯ ಕಾಲು ನೋಡಿದಳು. ಮೊಣಕಾಲಿನವರೆಗೆ ಬೂಟು ಇತ್ತು.

"ಇವರಪ್ಪನ ಕಾಲನ್ನ ಹೊಗಳಿ ಹೊಗಳಿ ಮಣ್ಣು ಮಾಡಿದ್ವಿ," ಎಂದಳು. "ಇವನಿಗೆ ಹೇಳಲ್ಲ. ನೀವು ಹೋಗಿ."